ಬೀಗತಿ ಬೊಗಳದಿದ್ದಾಗ

ಮಾರ್ಚ್ ೩, ಸೋಮವಾರ

ಮಧ್ಯಾಹ್ನ ಊರು ತಲುಪಿದೆ. ಸೈನ್ಯದ ಲಾರಿಯಿಂದ ಇಳಿಯುವ ಮೊದಲೇ ನಾಯಿಗಳ ಸದ್ದು ಶುರುವಾಯಿತು. ಊರ ಬಾಯಿಯ ಮನೆಯದು ಮೊದಲು, ಆಮೇಲೆ ಅದರ ಪಕ್ಕದ್ದು, ಹೀಗೆ ಕೊನೆಯ ಮನೆಯವರೆಗೂ ಸುದ್ದಿ ಕೈದಾಟಿ ಹೋದಂತೆ. ಪಶು ಆಸ್ಪತ್ರೆಯ ಕಾಂಪೌಂಡರ್ ಬಂದು ನನ್ನ ಪೆಟ್ಟಿಗೆ ಹೊತ್ತುಕೊಂಡರು.

“ಹೆದರಬೇಡಿ ಮೇಡಂ, ಕಚ್ಚಲ್ಲ. ನಾನು ಈ ಊರಿನ ಅಳಿಯನಾಗಿ ಹನ್ನೊಂದು ವರ್ಷ ಆಯ್ತು, ನನ್ನನ್ನ ಕಂಡ್ರೂ ಇನ್ನೂ ಬೊಗಳ್ತವೆ.”

ಆಸ್ಪತ್ರೆ ಹಿಂದೆ ಉಣ್ಣೆಯ ಗೋದಾಮಾಗಿತ್ತಂತೆ. ಗೋಡೆ ಮುಟ್ಟಿದರೆ ಕೈಗೆ ಜಿಡ್ಡು. ಮುಂದಿನ ಕೋಣೆಯಲ್ಲಿ ಕಲ್ಲಿನ ಮೇಜು, ಔಷಧದ ಕಪಾಟು. ಹಿಂದಿನದರಲ್ಲಿ ನನ್ನ ಮಂಚ. ಕಿಟಕಿಯಿಂದ ಶಾಲೆ ಕಾಣುತ್ತದೆ. ಈಗ ಅದೇ ನಮ್ಮವರ ಕ್ಯಾಂಪು. ಜಗುಲಿಯ ಸುತ್ತ ಮರಳಿನ ಮೂಟೆ ಪೇರಿಸಿದ್ದಾರೆ. ಒಳಗೆ ಕರಿಹಲಗೆಯ ಮೇಲೆ ಏಳರ ಮಗ್ಗಿ ಅರ್ಧದವರೆಗೆ ಹಾಗೇ ಉಳಿದಿದೆ.

ನನ್ನ ಕೆಲಸ ಕುರಿಗಳಿಗೆ ಚುಚ್ಚುಮದ್ದು ಹಾಕುವುದು, ಜಂತುಹುಳದ ಔಷಧ ಕುಡಿಸುವುದು. ಜನರ ಮನಸ್ಸು ಗೆಲ್ಲುವ ಕಾರ್ಯಕ್ರಮ ಎಂದು ಆದೇಶದಲ್ಲಿದೆ. ಬಂಡುಕೋರರು ಗುಡ್ಡದ ಮೇಲಿದ್ದಾರೆ. ಊರಿನವರು ಅವರನ್ನು ‘ಮೇಲಿನೋರು’ ಅನ್ನುತ್ತಾರೆ, ನಮ್ಮನ್ನು ‘ಕೆಳಗಿನೋರು’. ಎರಡು ವರ್ಷ ಕೋವಿಯಿಂದ ಆಗದ್ದು ಸೂಜಿಯಿಂದ ಆದೀತು ಎಂಬ ಲೆಕ್ಕ.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಸಂಜೆ ಮಾತಾಡಲು ಇಲ್ಲಿ ಯಾರೂ ಇರುವುದಿಲ್ಲವೆಂದು ಶುರುಮಾಡಿದ್ದೇನೆ. ಕಂಡದ್ದನ್ನಷ್ಟೇ ಬರೆಯುವುದು.

ಮಾರ್ಚ್ ೬, ಗುರುವಾರ

ಮೊದಲ ಶಿಬಿರ. ಊರಿಗೆ ಊರೇ ಕುರಿ ಹೊಡೆದುಕೊಂಡು ಬಂದಿತ್ತು. ಕ್ಯಾಂಪಿನ ಮೇಜರ್ ಆಸ್ಪತ್ರೆಯ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಸೂಜಿ ಹಾಕುತ್ತಿದ್ದಂತೆ ಅವರ ಪಕ್ಕದ ಸಿಪಾಯಿ ಒಬ್ಬೊಬ್ಬರನ್ನೇ ಕೇಳುತ್ತಿದ್ದ: ಎಲ್ಲಿ ಮೇಯಿಸ್ತೀಯ, ಅಲ್ಲಿ ಯಾರನ್ನ ನೋಡಿದೆ, ಹಿಟ್ಟು ಇಷ್ಟೊಂದು ಯಾಕೆ ಬೀಸಿಸಿದೆ. ಒಳ್ಳೆಯ ವ್ಯವಸ್ಥೆ ಅನಿಸಿತು. ಒಂದೇ ಓಡಾಟದಲ್ಲಿ ಎರಡು ಕೆಲಸ.

ಕಣ್ಣಿಗೆ ಪೊರೆ ಬಂದ ಒಬ್ಬ ಅಜ್ಜಿ, ಸೊಸೆಯ ಹೆಗಲು ಹಿಡಿದು ಬಂದಿದ್ದರು.

“ಎಲ್ಲಿ ಮೇಯಿಸ್ತೀಯಜ್ಜಿ?”

“ಹುಲ್ಲಿರೋ ಕಡೆ.”

“ಅಲ್ಲಿ ಯಾರನ್ನ ನೋಡಿದೆ?”

“ನಂಗೆ ಕಣ್ಣೇ ಕಾಣಲ್ಲ ಕಣಪ್ಪ. ನಿನ್ನನ್ನೂ ನೋಡ್ತಿಲ್ಲ, ಬರೀ ದನಿ ಜೊತೆ ಮಾತಾಡ್ತಿದೀನಿ.”

ಸಾಲಿನಲ್ಲಿದ್ದವರು ನಕ್ಕರು. ಮೇಜರ್ ಕೂಡ ನಕ್ಕರು. ಒರಟು ಮನುಷ್ಯರಲ್ಲ.

ಅಷ್ಟರಲ್ಲಿ ಒಂದು ಹೆಣ್ಣುನಾಯಿ ಮೇಜರ್ ಬೂಟು ದಾಟಿ ಒಳಗೆ ಬಂದು, ಕಲ್ಲಿನ ಮೇಜಿನ ಕೆಳಗೆ ಕೂತು, ನನ್ನನ್ನು ಕಂಡು ಬೊಗಳತೊಡಗಿತು. ಯಾರದಿದು ಎಂದೆ.

“ನಮ್ಮನೆ ಬೀಗತಿ,” ಅಂದರು ಅಜ್ಜಿ. “ಕರೀದೇ ಬರ್ತಾಳೆ, ನಡುಮನೇಲಿ ಕೂರ್ತಾಳೆ, ಹಾಕಿದ್ದಕ್ಕೆಲ್ಲ ಕೊಂಕು ತೆಗೀತಾಳೆ. ಇನ್ನೇನಂತ ಕರೀಲಿ?”

ಪ್ರಾಣಿಯನ್ನು ಹೊರಗೆ ಕಳಿಸಿದೆವು.

ಮಾರ್ಚ್ ೧೩

ಎರಡನೆಯ ಶಿಬಿರ. ಯಾರೂ ಬರಲಿಲ್ಲ. ಮೇಜರ್ ಖಾಲಿ ರಸ್ತೆ ನೋಡುತ್ತ ಕುರ್ಚಿಯಲ್ಲಿ ಕೂತೇ ಇದ್ದರು.

ಕಾಂಪೌಂಡರನ್ನು ಕಾರಣ ಕೇಳಿದೆ. “ಇವರು ಇಲ್ಲಿಗೆ ಬಂದ ಮೂರನೇ ಆಫೀಸರು ಮೇಡಂ. ಮೊದಲನೆಯೋರು ರಸ್ತೆ ಹಾಕಿಸಿದ್ರು. ಎರಡನೆಯೋರು ಆ ರಸ್ತೆಯಲ್ಲೇ ಜನರನ್ನ ಎತ್ಕೊಂಡು ಹೋದ್ರು. ಊರಿನೋರು ಏನಾದ್ರೂ ಪುಕ್ಕಟೆ ಬಂದ್ರೆ ಈಗ ಹಿಂದೆ ಏನು ಕಟ್ಟಿದ್ದಾರೆ ಅಂತ ನೋಡ್ತಾರೆ.”

ಔಷಧ ಹಾಳಾಗುತ್ತದೆ. ಜನಕ್ಕೆ ತಮ್ಮ ಒಳ್ಳೆಯದು ತಮಗೇ ತಿಳಿಯುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ಮೇಜರ್ ಒಬ್ಬರೇ ಬಂದರು. ಚಹಾ ಕೊಟ್ಟೆ. ನಿದ್ದೆ ಮಾಡಿದಂತಿರಲಿಲ್ಲ.

“ಮೇಲಿನೋರು ಮತ್ತೆ ತಪ್ಪಿಸ್ಕೊಂಡ್ರು ಡಾಕ್ಟರ್. ಗುಡ್ಡದ ಕುರಿದೊಡ್ಡಿ ಮುಟ್ಟಿದಾಗ ಒಲೆ ಇನ್ನೂ ಬಿಸಿ ಇತ್ತು, ಮುಂದೆ ಯಾರೂ ಇಲ್ಲ. ನಾವು ಕ್ಯಾಂಪಿಂದ ಕಾಲು ಹೊರಗಿಟ್ಟ ಕೂಡ್ಲೇ ಊರೆಲ್ಲ ಬೊಗಳತ್ತೆ. ಡಂಗುರ ಹೊಡೀತಾ ಕಳ್ಳನ್ನ ಹಿಡಿಯೋಕೆ ಹೋದ ಹಾಗೆ ಆಗಿದೆ ನಮ್ಮ ಗಸ್ತು.”

“ಹಾಗಾದ್ರೆ?”

“ನಾಯಿಗಳು ಇರಬಾರದು.” ಬಟ್ಟಲು ಕೆಳಗಿಟ್ಟರು. “ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಅಂತ ಸಾರಿಸೋಣ. ಅವರೇ ಹಿಡ್ಕೊಂಡು ಬರ್ತಾರೆ. ನೀವು ಅದರ ಬದಲು ಇನ್ನೊಂದು ಸೂಜಿ ಹಾಕಿ. ನೋವಿರಲ್ಲ. ನನ್ನ ಹುಡುಗರು ಮಾಡಿದ್ರೆ ಹೇಗಿರತ್ತೆ ಅಂತ ನಿಮಗೂ ಗೊತ್ತು. ನಾಯಿಗಳ ಮೇಲಿನ ಕರುಣೆಯಿಂದಲೇ ಕೇಳ್ತಿದೀನಿ.”

ಅವರ ತರ್ಕದಲ್ಲಿ ಬಿರುಕು ಕಾಣಲಿಲ್ಲ. ನಾಳೆ ಹೇಳುತ್ತೇನೆ ಅಂದೆ.

ಮಾರ್ಚ್ ೨೨

ಔಷಧ ಸಾಲದು ಎಂದು ಮೇಜರ್‌ಗೆ ತಿಳಿಸಿದೆ. ಇದು ನಿಜ. ಕೇಳಿದರೆ ಇಲಾಖೆ ವಾರದೊಳಗೆ ಕಳಿಸುತ್ತದೆ ಎಂಬುದೂ ನಿಜ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕುರಿಯ ಕತ್ತು ಹಿಡಿದು ನಿಂತವರು ಸೂಜಿಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಇದಕ್ಕೂ ಔಷಧದ ದಾಸ್ತಾನಿಗೂ ಸಂಬಂಧವಿಲ್ಲ. ಬರೆದಿಡಬೇಕು ಅನಿಸಿತು, ಅಷ್ಟೆ.

ಮಾರ್ಚ್ ೨೪

ಬೆಳಗ್ಗೆ ಗುಂಡಿನ ಸದ್ದು. ಬಹಳ ಹೊತ್ತು.

ಔಷಧದ ಕಪಾಟು ಒರೆಸಿದೆ. ಮತ್ತೆ ಒರೆಸಿದೆ.

ಏಪ್ರಿಲ್ ೨

ಯಾರೂ ಬರುತ್ತಿಲ್ಲ. ಕಾಲು ಮುರಿದ ಕುರಿಯನ್ನೂ ಮನೆಯಲ್ಲೇ ಕಟ್ಟಿಕೊಂಡಿದ್ದಾರಂತೆ. ಬಾವಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಎತ್ತಿಕೊಳ್ಳುತ್ತಾರೆ. ಊರು ಎಷ್ಟು ನಿಶ್ಶಬ್ದವಾಗಿದೆ ಎಂದರೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಿ ನಾಚಿಕೆಯಾಗುತ್ತದೆ.

ಗಸ್ತು ಮಾತ್ರ ಈಗ ಯಾರಿಗೂ ತಿಳಿಯದಂತೆ ಹೋಗಿಬರುತ್ತಿದೆ. ಮೇಜರ್ ಸಮಾಧಾನವಾಗಿದ್ದಾರೆ.

ಏಪ್ರಿಲ್ ೫, ಶನಿವಾರ

ಮಧ್ಯಾಹ್ನ ಅಜ್ಜಿ ಬಂದರು. ಹಿಂದೆ ಸೊಸೆ, ಅವಳ ಬೆನ್ನ ಮೇಲೆ ಉಣ್ಣೆ ತುಂಬಿದ ದೊಡ್ಡ ಬುಟ್ಟಿ. ಕ್ಯಾಂಪಿನ ಎದುರಿನಿಂದಲೇ ನಡೆದು ಬಂದಿದ್ದರು.

“ಇದು ಉಣ್ಣೆ ಗೋದಾಮೇ ಅಲ್ವಾ ಡಾಕ್ಟ್ರಮ್ಮ? ಸ್ವಲ್ಪ ಉಣ್ಣೆ ಇಟ್ಟು ಹೋಗ್ತೀನಿ.”

ಸೊಸೆ ಬುಟ್ಟಿ ಇಳಿಸಿದಳು. ಬುಟ್ಟಿ ಉಸಿರಾಡುತ್ತಿತ್ತು. ಮೇಲಿನ ಉಣ್ಣೆ ಸರಿಸಿದೆ. ಬಟ್ಟೆಯಲ್ಲಿ ಬಾಯಿ ಸುತ್ತಿದ ಅದೇ ನಾಯಿ. ಊರ ನಾಯಿಗಳಿಗೆ ಗುಂಡು ಹೊಡೆದ ದಿನ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದರಿಂದ ಉಳಿದುಕೊಂಡಿದೆ. ಹೊಟ್ಟೆ ಮುಟ್ಟಿ ನೋಡಿದೆ. ಮರಿ ಹಾಕಲು ಎರಡು ವಾರ ಇರಬಹುದು.

“ನನ್ನ ಹತ್ರ ಯಾಕೆ ತಂದ್ರಿ? ನಾನು ಅವರ ಕಡೆಯವಳು ಅಂತ ಊರೆಲ್ಲ ಹೇಳತ್ತೆ.”

“ಹೇಳ್ಕೊಳ್ಳಲಿ. ಅವರು ಗುಂಡು ಹೊಡೆದ್ರಲ್ಲ, ಅದಕ್ಕೇ ತಂದೆ.”

ನನಗೆ ಅರ್ಥವಾಗಲಿಲ್ಲ.

“ಸೂಜಿ ಪಕ್ಕದಲ್ಲೇ ಇದ್ದಾಗ ಗುಂಡು ಯಾಕೆ ಖರ್ಚು ಮಾಡ್ತಾರೆ? ಯಾರೋ ‘ನನ್ನ ಕೈಲಾಗಲ್ಲ’ ಅಂದಿರ್ಬೇಕು ಅಂದ್ಕೊಂಡೆ.”

ರಿಜಿಸ್ಟರ್ ತೆರೆದೆ. ಒಳರೋಗಿ ಎಂದು ದಾಖಲಿಸಿಕೊಂಡೆ. ನಿಯಮದ ಪ್ರಕಾರ ಒಳರೋಗಿಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ಯಾರೂ ಒಯ್ಯುವಂತಿಲ್ಲ. ನಿಯಮ ಮಾಡಿದವರ ಮನಸ್ಸಿನಲ್ಲಿ ದನ ಕುರಿ ಇದ್ದಿರಬಹುದು, ಆದರೆ ಹಾಗೆಂದು ಅವರು ಬರೆದಿಲ್ಲ.

ಮರಿ ಹಾಕುವವರೆಗೆ ಮಾತ್ರ.

ಏಪ್ರಿಲ್ ೧೯

ನಾಲ್ಕು ಮರಿ. ಒಂದು ಉಸಿರಾಡದೆ ಹುಟ್ಟಿತ್ತು. ಬಾಯೊಳಗಿನ ಲೋಳೆ ತೆಗೆದು, ತಲೆಕೆಳಗೆ ಹಿಡಿದು, ಒರಟು ಬಟ್ಟೆಯಿಂದ ಉಜ್ಜಿದೆ. ಕಾಂಪೌಂಡರ್ ಸಾಕು ಬಿಡಿ ಮೇಡಂ ಅಂದರು. ಬಿಡಲಿಲ್ಲ. ಕೊನೆಗೆ ಅದು ಕೀಂ ಎಂದಿತು. ಇಬ್ಬರೂ ಒಟ್ಟಿಗೆ “ಶ್ಶ್” ಎಂದೆವು.

ತಾಯಿ ನಾಯಿಗೆ ತಣ್ಣಗಿನ ಹಾಲು ಆಗುವುದಿಲ್ಲ. ಬ್ರೆಡ್ಡಿನ ಅಂಚು ತಿನ್ನುವುದಿಲ್ಲ. ನನ್ನ ಕೋಣೆಗೆ ನಾನೇ ಹೋದರೂ ಗುರ್ ಅನ್ನುತ್ತದೆ. “ಬೀಗತಿಗೆ ಉಪಚಾರ ಆಯ್ತಾ?” ಎಂದು ಕಾಂಪೌಂಡರ್ ದಿನಾ ಕೇಳುತ್ತಾರೆ. ಮದುವೆಯೇ ಆಗದವಳಿಗೆ ಬೀಗತಿಯ ಕಾಟ.

ಏಪ್ರಿಲ್ ೨೮, ಸೋಮವಾರ

ಅಜ್ಜಿ ದಿನವೂ ‘ಉಣ್ಣೆ ನೋಡಲು’ ಬರುತ್ತಾರೆ. ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತು, ಮರಿಗಳನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಂಡು ಬೆರಳಿನಿಂದ ನೋಡುತ್ತಾರೆ. ಇವತ್ತು ಅವರ ಮುಖ ಬಾಡಿತ್ತು.

“ಮೇಲಿನೋರು ಬಂದಿದ್ರು. ಹಿಟ್ಟು ಹೊತ್ಕೊಂಡು ಹೋದ್ರು.”

“ಮೊದಲೂ ಬರ್ತಿದ್ರಲ್ಲ?”

“ಬರ್ತಿದ್ರು. ಆದ್ರೆ ಅವರು ಗುಡ್ಡ ಇಳಿಯೋಕೆ ಮುಂಚೆ ನಾಯಿಗಳು ಹೇಳ್ತಿದ್ವು. ನಾವು ಕದ ಹಾಕ್ಕೊಂಡು ಸತ್ತೋರ ಹಾಗೆ ಮಲಗ್ತಿದ್ವಿ. ತಟ್ಟಿ ತಟ್ಟಿ ಬೇಜಾರಾಗಿ ಹೋಗ್ತಿದ್ರು. ಈಗ ನಡುಮನೇಲಿ ನಿಂತ ಮೇಲೆ ಗೊತ್ತಾಗತ್ತೆ. ನಡುಮನೇಲಿ ನಿಂತೋರಿಗೆ ಇಲ್ಲ ಅನ್ನೋಕಾಗತ್ತಾ?”

ಮರಿಯೊಂದು ಅವರ ಹೆಬ್ಬೆರಳು ಚೀಪುತ್ತಿತ್ತು. ಅದರ ತಲೆ ಸವರುತ್ತ ಅಂದರು:

“ನನ್ನ ಕಿರಿಮಗ ಮೇಲಿದ್ದಾನೆ. ನಿಂಗೆ ಗೊತ್ತಿರ್ಬೇಕು.”

ಗೊತ್ತಿರಲಿಲ್ಲ.

“ಯಾವಾಗಾದ್ರೂ ಒಮ್ಮೆ ನೋಡೋಕೆ ಬರ್ತಿದ್ದ. ನಂಗೆ ಕಣ್ಣಿಲ್ಲ. ಹೆಜ್ಜೆ ಸದ್ದು ಕೇಳಿದಾಗ ಊರ ನಾಯಿಗಳೆಲ್ಲ ಬೊಗಳಿ, ಬೀಗತಿ ಒಬ್ಬಳೇ ಸುಮ್ನಿದ್ರೆ, ಅವನೇ ಅಂತ ಕದ ತೆಗೀತಿದ್ದೆ. ಈಗ ಎಲ್ಲ ಹೆಜ್ಜೇನೂ ಒಂದೇ ಥರ.”

ಇದನ್ನು ಮೇಜರ್‌ಗೆ ತಿಳಿಸುವುದು ನನ್ನ ಕರ್ತವ್ಯವೇ ಎಂದು ಯೋಚಿಸಿದೆ. ನನ್ನ ಕರ್ತವ್ಯ ಪಶುಗಳಿಗೆ ಸಂಬಂಧಿಸಿದ್ದು.

ಮೇ ೯, ಶುಕ್ರವಾರ

ಕ್ಯಾಂಪಿನ ಹಂಡೆ ಕಳುವಾಗಿದೆ.

ಅಡುಗೆಯ ಹವಾಲ್ದಾರ ಬೆಳಗ್ಗೆಯೇ ಬಂದರು. ಇಡೀ ತುಕಡಿಗೆ ಅಡುಗೆ ಮಾಡುವ ಹಂಡೆ, ಇಬ್ಬರು ಗಟ್ಟಿಗರು ಹೊರಬೇಕಾದ್ದು. ಬೇಲಿ ದಾಟಿ, ಕಾವಲಿನವನ ಬೆನ್ನ ಹಿಂದಿನಿಂದ, ಮೇಲಿನೋರ ಜೊತೆ ಗುಡ್ಡ ಹತ್ತಿ ಹೋಗಿದೆ. ಹಂಡೆಯ ಜಾಗದಲ್ಲಿ ಒಂದು ಈರುಳ್ಳಿ ಇಟ್ಟು ಹೋಗಿದ್ದರಂತೆ.

“ದೊಡ್ಡ ಪಾತ್ರೆ ಏನಾದ್ರೂ ಇದೆಯಾ ಮೇಡಂ?”

ಇದ್ದದ್ದನ್ನು ಕೊಟ್ಟೆ. ಮೂಸಿ ನೋಡಿದರು. “ಇದ್ರಲ್ಲಿ ಏನು ಕುದಿಸ್ತಿದ್ರಿ?”

“ಸೂಜಿ, ಕತ್ತರಿ.”

“ಹಾಗಾದ್ರೆ ಪರವಾಗಿಲ್ಲ. ನನ್ನ ಅಡುಗೆ ತಿಂದು ಬದುಕಿದೋರು, ಇದಕ್ಕೆ ಸಾಯಲ್ಲ.” ಹೊಸಿಲ ಮೇಲೆ ಕೂತು ತಲೆ ಕೆರೆದುಕೊಂಡರು. “ಮೊದಲು ನಾವೂ ನಿದ್ದೆ ಮಾಡ್ತಿದ್ವಿ. ಊರ ನಾಯಿ ಬೊಗಳಿದ್ರೆ ಎದ್ರೆ ಸಾಕಿತ್ತು. ಈಗ ಇಲಿ ಓಡಿದ್ರೂ ಎಲ್ರೂ ಕೋವಿ ಹಿಡ್ಕೊಂಡು ಕೂತಿರ್ತಾರೆ. ಹಂಡೆ ಹೋದಾಗ ಮಾತ್ರ ಯಾರಿಗೂ ಗೊತ್ತಾಗ್ಲಿಲ್ಲ.”

ಆಗಲೇ ಒಳಗಿನಿಂದ ಮರಿ ಕುಂಯ್‌ಗುಟ್ಟಿತು. ಹವಾಲ್ದಾರ ನನ್ನನ್ನು ನೋಡಿದರು, ಹಿಂದಿನ ಕೋಣೆಯ ಕದವನ್ನು ನೋಡಿದರು.

“ನಿಮ್ಮ ಬಾಗಿಲು ಕಿರುಗುಡ್ತಿದೆ ಮೇಡಂ. ಎಣ್ಣೆ ಬಿಡಿ,” ಎಂದು ಎದ್ದು ಹೋದರು.

ಸಂಜೆ ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಮೂಳೆ, ಮಾಂಸದ ಚೂರು.

“ಬಾಗಿಲಿಗೆ,” ಅಂದರು.

ಮೇ ೨೬, ಸೋಮವಾರ

ಕೆಳಗಿನಿಂದ ಸೈನ್ಯದ ನಾಯಿ ಬಂದಿದೆ. ಎತ್ತರದ, ಮೈಹೊಳೆಯುವ ಗಂಡು. ಅದರ ಜೊತೆಗೆ ಅದನ್ನು ನೋಡಿಕೊಳ್ಳುವ ಸಿಪಾಯಿ. ಬಹಳ ಕಲಿತ ನಾಯಿ, ಬೊಗಳುವುದೇ ಇಲ್ಲ. ಬೊಗಳದಂತೆ ಕಲಿಸಲು ಒಂದು ವರ್ಷ ಬೇಕಾಯಿತಂತೆ.

“ಊರ ನಾಯಿ ಪುಕ್ಕಟೆ ಬೊಗಳ್ತಿದ್ವು, ಇದಕ್ಕೆ ಸುಮ್ನಿರೋಕೆ ಊಟ,” ಎಂದರು ಕಾಂಪೌಂಡರ್.

ಮೇ ೨೮, ಬುಧವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಆ ನಾಯಿಯ ಅಂಗಾಲು ಗುಡ್ಡದ ಕಲ್ಲಿಗೆ ಸೀಳಿ ಕೀವಾಗಿತ್ತು. ಸಿಪಾಯಿ ಹೊತ್ತು ತಂದ. ಜೊತೆಗೆ ಮೇಜರ್. ಕಲ್ಲಿನ ಮೇಜಿನ ಮೇಲೆ ಮಲಗಿಸಿ ಗಾಯ ತೊಳೆಯುತ್ತಿದ್ದೆ. ಹಿಂದಿನ ಕೋಣೆಯ ಕದಕ್ಕೆ ಚಿಲಕ ಹಾಕಿದ್ದೆ ಎಂದುಕೊಂಡಿದ್ದೆ, ಹಾಕಿರಲಿಲ್ಲ. ಕದ ಸ್ವಲ್ಪ ತೆರೆಯಿತು. ಮರಿಗಳು ಒಂದರ ಹಿಂದೊಂದು ಉರುಳಿಕೊಂಡು ಹೊರಗೆ ಬಂದವು. ಉಸಿರಿಲ್ಲದೆ ಹುಟ್ಟಿದ್ದೇ ಎಲ್ಲಕ್ಕಿಂತ ಮುಂದೆ. ಅದು ಮೇಜರ್ ಬೂಟಿನ ದಾರ ಹಿಡಿದು ಎಳೆಯತೊಡಗಿತು. ಹಿಂದೆಯೇ ಬೀಗತಿ ಬಂದು ಮೇಜರ್ ಮುಖಕ್ಕೇ ಬೊಗಳಿದಳು. ಎರಡು ತಿಂಗಳು ನುಂಗಿಕೊಂಡದ್ದನ್ನೆಲ್ಲ ಒಂದೇ ಸಲ ಬೊಗಳಿದಳು.

ಮೇಜರ್ ಸಿಪಾಯಿಯನ್ನು ಹೊರಗೆ ಕಳಿಸಿದರು.

“ಎಷ್ಟು ದಿನದಿಂದ?”

“ಏಪ್ರಿಲ್‌ನಿಂದ. ಒಳರೋಗಿ.”

“ಮರಿಗಳೂ ಒಳರೋಗಿಗಳಾ?”

“ಅವು ಒಳಗೇ ಹುಟ್ಟಿದವು.”

“ನಾಳೆ ಬೆಳಗ್ಗೆ ನಿಮ್ಮನ್ನ ಕೆಳಗೆ ಕಳಿಸಬಹುದು. ಕೆಲಸ ಹೋಗತ್ತೆ. ಗೊತ್ತಲ್ಲ?”

“ಗೊತ್ತು. ಈ ಕಾಲಿಗೆ ಇನ್ನೂ ಒಂದು ವಾರ ಡ್ರೆಸ್ಸಿಂಗ್ ಬೇಕು.” ಕಟ್ಟು ಬಿಗಿದೆ.

ಅವರು ಬೂಟು ಬಿಡಿಸಿಕೊಳ್ಳಲಿಲ್ಲ. ಬೀಗತಿ ನಿಲ್ಲಿಸಲಿಲ್ಲ. ಆ ಗದ್ದಲದಲ್ಲೇ ಕೇಳಿದರು:

“ಇವಳು ಯಾರನ್ನ ಕಂಡ್ರೆ ಬೊಗಳಲ್ಲ?”

“ಮನೆಯೋರನ್ನ.”

“ನಮ್ಮನ್ನ ಕಂಡ್ರೆ?”

“ನೀವು ಮನೆಯೋರಲ್ಲ.”

“ಮೇಲಿನೋರನ್ನ?”

“ಅವರೂ ಅಲ್ಲ.”

ಅವರು ಗೋಡೆಗೆ ಒರಗಿದರು. ಅಂಗಿಗೆ ಜಿಡ್ಡು ಹತ್ತಿತು. “ಹಾಗಾದ್ರೆ ಹಂಡೆ ಹೋದ ದಿನ…” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಬಗ್ಗಿ ಬೂಟಿನಿಂದ ಮರಿಯನ್ನು ಬಿಡಿಸಿ, ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು.

“ಈಗ ಏನು ಮಾಡ್ಬೇಕು?”

“ನನ್ನನ್ನ ಕೇಳಬೇಡಿ. ನಾಯಿ ನನ್ನದಲ್ಲ.”

ಹೋದರು. ಬರೆಯುತ್ತಿರುವಾಗ ಪೆಟ್ಟಿಗೆ ಕಟ್ಟಬೇಕೇ ಎಂದು ಯೋಚಿಸುತ್ತಿದ್ದೇನೆ. ಕಟ್ಟಲು ಹೆಚ್ಚೇನಿಲ್ಲ.

ಜೂನ್ ೧, ಭಾನುವಾರ

ಲಾರಿ ಬರಲಿಲ್ಲ. ಮೇಜರ್ ಬಂದರು. ಅಜ್ಜಿಯ ಮನೆ ತೋರಿಸಿ ಅಂದರು. ಕೋವಿಯಿಲ್ಲ, ಸಿಪಾಯಿಯಿಲ್ಲ, ಕುರ್ಚಿಯಿಲ್ಲ.

ಅಜ್ಜಿ ಒಲೆಯ ಮುಂದೆ ಇದ್ದರು. ಬೂಟಿನ ಸದ್ದಿಗೆ ತಲೆ ಎತ್ತಿದರು. “ಕೇಳೋಕೆ ಬಂದಿದ್ದೀರಾ, ಹೇಳೋಕೆ ಬಂದಿದ್ದೀರಾ?”

“ಕೇಳೋಕೆ.”

“ಹಾಗಾದ್ರೆ ಕೂತ್ಕೊಳ್ಳಿ.”

ನೆಲದ ಮೇಲೆ ಕೂತರು. ಬೂಟು ಹಾಕಿದವರಿಗೆ ನೆಲದಲ್ಲಿ ಕೂರುವುದು ಕಷ್ಟ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಸೊಸೆ ಬಾಗಿಲ ಹಿಂದೆ ನಗು ತಡೆದುಕೊಂಡಳು.

“ನಾಯಿಗಳ ವಿಷಯದಲ್ಲಿ ತಪ್ಪು ಮಾಡಿದೆ,” ಅಂದರು.

“ತಪ್ಪು ಅಂತ ನಮಗೆ ಆವತ್ತೇ ಗೊತ್ತಿತ್ತು. ನಿಮಗೆ ಗೊತ್ತಾಗೋಕೆ ಹಂಡೆ ಹೋಗ್ಬೇಕಾಯ್ತು.”

“ಆಯ್ತು ತಾಯಿ. ಮುಂದೆ?”

ಅಜ್ಜಿ ಒಲೆಗೆ ಒಂದು ಪುಳ್ಳೆ ಒಡ್ಡಿದರು. ಅವರು ಯೋಚಿಸುತ್ತಿರುವುದು ಏನನ್ನು ಎಂದು ನನಗೆ ಹೊಳೆಯಿತು. ಬೇಡವೆಂದು ಕೈ ಮುಟ್ಟಿದೆ. ನನ್ನ ಕೈ ಸರಿಸಿದರು.

“ನನ್ನ ಕಿರಿಮಗ ಮೇಲಿದ್ದಾನೆ. ಅವನನ್ನ ಮೇಲಿನೋರು ಕರ್ಕೊಂಡು ಹೋಗ್ಲಿಲ್ಲ. ಉಪ್ಪು ಜಾಸ್ತಿ ಹೊತ್ತಿದ್ದ ಅಂತ ನಿಮ್ಮ ಹಿಂದಿನ ಸಾಹೇಬ್ರು ಹಿಡ್ಕೊಂಡು ಹೋದ್ರು. ಕುರಿಗೆ ಉಪ್ಪು ಬೇಡ್ವಾ? ಬಿಟ್ಟು ಕಳಿಸಿದಾಗ ಬಲಗೈ ಎತ್ತೋಕೆ ಬರ್ತಿರ್ಲಿಲ್ಲ. ಮನೇಗೆ ಬಂದು ನನ್ನ ಜೊತೆ ಉಂಡ, ಎದ್ದು ಗುಡ್ಡ ಹತ್ತಿದ. ಅವನನ್ನ ಮೇಲಕ್ಕೆ ಕಳಿಸಿದೋರು ನೀವು.”

ಒಲೆ ಚಟಪಟ ಅಂದಿತು. ಊರಿನ ಎಲ್ಲರಿಗೂ ಗೊತ್ತಿದ್ದ, ಕ್ಯಾಂಪಿಗೆ ಒಬ್ಬರೂ ಹೇಳದಿದ್ದ ಮಾತು.

“ಬರ್ಕೊಳ್ಳಲ್ವಾ?” ಎಂದರು ಅಜ್ಜಿ.

“ಪೆನ್ನು ತಂದಿಲ್ಲ.”

ಕೊನೆಗೆ ಮೇಜರ್ ಹೇಳಿದರು: “ನನ್ನ ಕೈಯಲ್ಲಿರೋದು ಇಷ್ಟು. ಹಗಲಲ್ಲಿ, ಬರಿಗೈಯಲ್ಲಿ, ತಾಯಿನ ನೋಡೋಕೆ ಯಾರು ಬಂದ್ರೂ ನನ್ನೋರು ಮುಟ್ಟಲ್ಲ, ಪ್ರಶ್ನೆ ಕೇಳಲ್ಲ. ಹೋಗ್ತೀನಿ ಅಂದ್ರೆ ಹೋಗಬಹುದು, ಇರ್ತೀನಿ ಅಂದ್ರೆ ಇರಬಹುದು. ಆದ್ರೆ ನಾನು ಇರೋವರೆಗೆ ಮಾತ್ರ.”

“ಎಷ್ಟು ದಿನ ಇರ್ತೀರಿ?”

“ಸೆಪ್ಟೆಂಬರ್ ಕೊನೆ.”

“ಅಷ್ಟರಲ್ಲಿ ಮರಿಗಳು ಬೊಗಳೋದು ಕಲ್ತಿರ್ತವೆ,” ಅಂದರು ಅಜ್ಜಿ.

ಹಿಂದಿರುಗುವಾಗ ಮೇಜರ್ ಕೇಳಿದರು, “ನಂಬ್ತಾರಾ ಡಾಕ್ಟರ್?”

“ನಿಮ್ಮ ಮಾತನ್ನ ನಂಬಲ್ಲ. ನೀವು ಏನು ಮಾಡ್ತೀರಿ ಅಂತ ನೋಡ್ತಾರೆ.”

ಜೂನ್ ೧೭

ಕ್ಯಾಂಪು ಶಾಲೆಯಿಂದ ಹಳ್ಳದ ಆಚೆಗೆ ಹೋಯಿತು. ಶಾಲೆಯ ಮಾಡು ಸೋರುತ್ತದೆ ಎಂದು ಮೇಜರ್ ಮೇಲಧಿಕಾರಿಗಳಿಗೆ ವರದಿ ಮಾಡಿದರಂತೆ. ಮಾಡು ಸೋರುವುದಿಲ್ಲ. ಆ ಉಪಾಯ ಎಲ್ಲಿ ಕಲಿತರೋ.

ಮರಳಿನ ಮೂಟೆಗಳನ್ನು ಊರಿನವರು ಒಯ್ದು ಕುರಿದೊಡ್ಡಿಗಳ ಗೋಡೆಗೆ ಒಡ್ಡಿದರು. ಏಳರ ಮಗ್ಗಿಯ ಉಳಿದರ್ಧವನ್ನು ಯಾರೋ ಬರೆದು ಮುಗಿಸಿದ್ದಾರೆ. ಒಂದು ಕಡೆ ತಪ್ಪಿದೆ.

ಜುಲೈ ೧೦, ಗುರುವಾರ

ಜಗುಲಿಯಲ್ಲಿ ಕುರ್ಚಿಯಿಲ್ಲದ ಮೊದಲ ಶಿಬಿರ. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಕುರಿ. ಬೆನ್ನು ನೆಟ್ಟಗಾಗುತ್ತಿಲ್ಲ. ಸೊಸೆ ಬುತ್ತಿ ತಂದಿದ್ದಳು. ಎಲ್ಲರೂ ಜಗುಲಿಯಲ್ಲೇ ಕೂತು ಉಂಡೆವು.

ಮರಿಗಳನ್ನು ಹಂಚಿ ಆಯಿತು. ಊರ ಬಾಯಿಯ ಮನೆಗೆ ಒಂದು, ಕೊನೆಯ ಮನೆಗೆ ಒಂದು, ನಡುವೆ ಅಜ್ಜಿಗೆ ಒಂದು. ಉಸಿರಿಲ್ಲದೆ ಹುಟ್ಟಿದ್ದನ್ನು ಅಜ್ಜಿಯ ಅಪ್ಪಣೆ ಪಡೆದು ಅಡುಗೆಯ ಹವಾಲ್ದಾರ ಕ್ಯಾಂಪಿಗೆ ಒಯ್ದರು. ಹೆಸರು ಬಾಗಿಲು. ಪಕ್ಕದ ಊರಿನವರು ಇನ್ನೂ ಎರಡು ಮರಿ ತಂದುಕೊಟ್ಟಿದ್ದಾರೆ. ಬೀಗತಿಗೆ ಯಾವ ಮನೆಯೂ ಒಂದೇ. ಮಧ್ಯಾಹ್ನ ಮಾತ್ರ ನಮ್ಮ ಕಲ್ಲಿನ ಮೇಜಿನ ಕೆಳಗೆ.

ಕಾಂಪೌಂಡರ್ ಮುನಿಸಿಕೊಂಡಿದ್ದಾರೆ. “ನೀವು ಒಳಗೆ ಬಂದಾಗ ಅವಳು ಕಣ್ಣೂ ಬಿಡಲ್ಲ. ನನ್ನ ಹನ್ನೊಂದು ವರ್ಷಕ್ಕೆ ಮರ್ಯಾದೆನೇ ಇಲ್ಲ.” ಯಾವಾಗಿನಿಂದ ಬೊಗಳುವುದನ್ನು ಬಿಟ್ಟಳೋ, ನಾನು ಗಮನಿಸಿರಲಿಲ್ಲ.

ಆಗಸ್ಟ್ ೫, ಮಂಗಳವಾರ

ರಾತ್ರಿ ಮರಿಗಳು ಬೊಗಳಿದವು. ಗಂಟಲು ಇನ್ನೂ ಒಡೆದಿಲ್ಲ, ಆದರೂ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಸಾಲಾಗಿ ಬೊಗಳಿದವು. ನಾವೆಲ್ಲ ಚಿಲಕ ಹಾಕಿಕೊಂಡು ಮಲಗಿದೆವು.

ಬೆಳಗ್ಗೆ ನೋಡಿದರೆ ಕ್ಯಾಂಪಿನ ಬೇಲಿಯ ಪಕ್ಕ ಹಂಡೆ. ಬೂದಿ ಹಾಕಿ ತಿಕ್ಕಿ, ಬೋರಲು ಇಟ್ಟಿದ್ದರು. ಬಾಗಿಲು ಊರಿಗೇ ಕೇಳುವಂತೆ ಕೂಗಿ ಕೂಗಿ ಹವಾಲ್ದಾರರನ್ನು ಎಬ್ಬಿಸಿತ್ತಂತೆ. ಮೇಜರ್ ಗುಂಡು ಹೊಡೆಯಬೇಡಿ ಎಂದರಂತೆ.

ಹವಾಲ್ದಾರರಿಗೆ ಮಾತ್ರ ಸಮಾಧಾನವಿಲ್ಲ. “ತಳ ಸೀಯಿಸಿದ್ದಾರೆ. ದೊಡ್ಡ ಉರೀಲಿ ಇಡ್ಬಾರ್ದು ಅಂತ ಅಷ್ಟೂ ಗೊತ್ತಿಲ್ಲ. ಇವರು ರಾಜ್ಯ ಆಳ್ತಾರಂತೆ!”

ಅಜ್ಜಿಗೆ ಹೇಳಿದೆ. ತುಂಬಾ ಹೊತ್ತು ನಕ್ಕರು. ಆಮೇಲೆ, “ಮಾತು ಮೇಲಕ್ಕೆ ಮುಟ್ಟಿದೆ,” ಅಂದರು.

ಆಗಸ್ಟ್ ೨೩

ವರ್ಗದ ಆದೇಶ ಬಂದಿದೆ. ತಿಂಗಳ ಕೊನೆಯೊಳಗೆ ಕೆಳಗೆ ಬರಬೇಕಂತೆ. ಒಳರೋಗಿಗಳಿರುವುದರಿಂದ ಸದ್ಯಕ್ಕೆ ಸಾಧ್ಯವಿಲ್ಲವೆಂದು ಇಲಾಖೆಗೆ ತಿಳಿಸಿದೆ.

“ಯಾರು ಮೇಡಂ ಒಳರೋಗಿ?” ಎಂದರು ಕಾಂಪೌಂಡರ್.

ಮೇಜಿನ ಕೆಳಗೆ ತೋರಿಸಿದೆ. ಬೀಗತಿ ಗೊರಕೆ ಹೊಡೆಯುತ್ತಿದ್ದಳು.

ಮೇಜರ್ ಹೋದ ಮೇಲೆ ನಾಲ್ಕನೆಯವರು ಬರುತ್ತಾರೆ. ಕುರ್ಚಿಯ ವಿಷಯ, ಉಪ್ಪಿನ ವಿಷಯ, ನಾಯಿಗಳ ವಿಷಯ, ಎಲ್ಲವನ್ನೂ ಮೊದಲಿನಿಂದ ನಾವು ಅವರಿಗೆ ಕಲಿಸಬೇಕು. ಅವರು ಬಂದ ದಿನವೇ ನೆಲದ ಮೇಲೆ ಕೂರಿಸುವುದು ಒಳ್ಳೆಯದು ಎಂದು ಅಜ್ಜಿಯ ಅಭಿಪ್ರಾಯ. ಹಿಂದಿನವರು ಕಲಿತದ್ದು ಅವರ ಜೊತೆಗೇ ಲಾರಿ ಹತ್ತಿ ಹೋಗುತ್ತದೆ, ಅದೇ ತೊಂದರೆ. ಈ ಸಲ ಹವಾಲ್ದಾರ ಇರುತ್ತಾರಂತೆ. ಬಾಗಿಲನ್ನು ಬಿಟ್ಟು ಹೋಗಲಾರೆ ಎಂದು ಅವಧಿ ಮುಂದುವರಿಸಿಕೊಂಡಿದ್ದಾರೆ.

ಆಗಸ್ಟ್ ೩೧, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಆಸ್ಪತ್ರೆಯ ಜಗುಲಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು. ನಾನು ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದೆ. ಬೀಗತಿ ಮೆಟ್ಟಿಲ ಮೇಲೆ ಬಿಸಿಲಿಗೆ ಮಲಗಿದ್ದಳು.

ಮೇಲಿನ ತುದಿಯ ಮನೆಯ ಮರಿ ಬೊಗಳಿತು. ಅದರ ಪಕ್ಕದ್ದು. ಆಮೇಲೆ ಅಜ್ಜಿಯ ಮನೆಯದು. ಹಳ್ಳದ ಆಚೆಯಿಂದ ಬಾಗಿಲು ಕೂಡ ದನಿಗೂಡಿಸಿತು. ಬೀಗತಿ ಕಿವಿ ನಿಮಿರಿಸಿದಳು, ಎದ್ದಳು, ಮೂಗು ಗಾಳಿಗೆ ಒಡ್ಡಿ ನಿಂತಳು. ಬಾಯಿ ತೆರೆಯಲಿಲ್ಲ.

ಅಜ್ಜಿಯ ಕೈ ನಿಂತಿತು.

“ಡಾಕ್ಟ್ರಮ್ಮ, ಬೀಗತಿ ಇಲ್ಲೇ ಇದ್ದಾಳಾ?”

“ಇದ್ದಾಳೆ.”

“ಯಾಕೆ ಸುಮ್ನಿದ್ದಾಳೆ?”

ಗುಡ್ಡದ ದಾರಿ ನೋಡಿದೆ. ಒಬ್ಬ ಮನುಷ್ಯ ಇಳಿದು ಬರುತ್ತಿದ್ದ. ಎಡಗೈಯನ್ನು ಎಲ್ಲರಿಗೂ ಕಾಣುವಂತೆ ದೂರ ಹಿಡಿದಿದ್ದ. ಬಲಗೈ ಮೇಲೇಳದೆ ಪಕ್ಕಕ್ಕೆ ಜೋತಿತ್ತು. ಎರಡೂ ಖಾಲಿ. ಮರಿಗಳು ಅವನ ಕಾಲ ಸುತ್ತ ಬೊಗಳುತ್ತಿದ್ದವು. ಅವನು ಅವುಗಳನ್ನು ತುಳಿಯದಂತೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ. ಹಳ್ಳದ ಆಚೆ ಸಿಪಾಯಿಗಳು ಎದ್ದು ನಿಂತಿದ್ದರು. ಮೇಜರ್ ಅವರಿಗೆ ಕೂರುವಂತೆ ಕೈಸನ್ನೆ ಮಾಡಿದರು, ಅವರು ಒಬ್ಬೊಬ್ಬರಾಗಿ ಕೂತರು.

ಬೀಗತಿ ಮೆಟ್ಟಿಲು ಹಾರಿ ಓಡಿದಳು.

ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಮಡಿಲ ಉಣ್ಣೆ ಕೊಡವಿ, ಕಂಬ ಹಿಡಿದು ಎದ್ದರು.

“ನಾನು ಸೊರಗಿದ ಹಾಗೆ ಕಾಣ್ತೀನಾ, ನೋಡು. ಕಂಡ್ರೆ ಬಯ್ತಾನೆ.”

ಇಲ್ಲ ಎಂದೆ. ಅವರ ಕೂದಲಿಗೆ ಅಂಟಿದ್ದ ಉಣ್ಣೆಯ ಎಳೆಗಳನ್ನು ತೆಗೆಯತೊಡಗಿದೆ. ಎರಡೂ ಒಂದೇ ಬಿಳುಪು; ಆತುರದಲ್ಲಿ ಯಾವುದು ಯಾವುದೆಂದು ತಿಳಿಯಲಿಲ್ಲ.